ಜಾಲರಿಯಲ್ಲಿ ಸಿಕ್ಕ ಸೇವಂತಿಗೆ

ಈ ಸಲದ ಆಯುಧಪೂಜೆಗೆ ನನ್ನ ಹೆಂಡತಿ ಪಾರ್ವತಿ ನಮ್ಮ ಹಳೆಯ ಜೀಪಿಗೆ ಮೂರು ಮಾರು ಸೇವಂತಿಗೆ ಸುತ್ತಿದಳು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ನಮ್ಮೂರು ಕಳ್ಳಂಬೆಳ್ಳದ ಕೆರೆ ಏರಿಯ ತನಕ ಒಂದು ಸುತ್ತು ಹೋಗಿ ಬಂದೆ. ರೇಡಿಯೇಟರಿನ ನೀರು ನೋಡೋಣವೆಂದು ಬಾನೆಟ್ ಎತ್ತಿದಾಗ ಹಾರದ ಒಂದು ಹಿಡಿ ಎಸಳು ಉದುರಿ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಚುರ್ ಎಂದಿತು. ಹೂವು ಸುಟ್ಟ ವಾಸನೆ, ಅದರ ಜೊತೆಗೆ ಬಿಸಿ ಆಯಿಲಿನ ವಾಸನೆ. ನಾನು ಬಾನೆಟ್ಟನ್ನು ಹಾಗೇ ಬಿಟ್ಟು ಹೋಗಿ ಜಗಲಿಯ ಮೇಲೆ ಕೂತೆ.

"ಯಾಕ್ರೀ, ಏನಾಯ್ತು? ಮುಖ ಹಿಂಗ್ಯಾಕೆ ಆಗೋಯ್ತು?" ಅಂದಳು.

"ಏನಿಲ್ಲ, ಬಿಸ್ಲು" ಅಂದೆ. ಆರು ವರ್ಷದಿಂದ ಅವಳಿಗೂ ಹೀಗೇ ಏನಾದರೊಂದು ಹೇಳಿಕೊಂಡು ಬಂದಿದ್ದೇನೆ.

ನನ್ನ ಕಸುಬು ಬೋರ್‌ವೆಲ್‌ನಿಂದ ಮೋಟಾರು ಎತ್ತುವುದು. ಆರುನೂರು, ಎಂಟುನೂರು ಅಡಿ ಆಳದಲ್ಲಿ ಸುಟ್ಟುಹೋದ ಮೋಟಾರನ್ನು ಪೈಪಿನ ಸಮೇತ ಮೇಲೆ ಎಳೆದು, ರಿಪೇರಿ ಮಾಡಿಸಿ, ಮತ್ತೆ ಇಳಿಸಿ ಕೊಡಬೇಕು. ಅದಕ್ಕೆ ಹೊಲ, ಬದು, ಹಳ್ಳ ಎನ್ನದೆ ನುಗ್ಗುವ ಗಾಡಿ ಬೇಕು. ಸರ್ಕಾರಿ ಹರಾಜಿನಲ್ಲಿ ಕೊಂಡ ಹಳೆಯ ಜೀಪೊಂದರ ಹಿಂಭಾಗಕ್ಕೆ ಕಬ್ಬಿಣದ ಕಂಬ, ರಾಟೆ ಕೂರಿಸಿಕೊಂಡು ನಾನೂ ನನ್ನ ಬಾಮೈದ ಮಂಜನೂ ಶಿರಾದಿಂದ ಪಾವಗಡದವರೆಗೆ ತಿರುಗುತ್ತಿದ್ದೆವು. ಜೀಪಿನ ಮೈಕಟ್ಟು ಗಟ್ಟಿ, ನಾಲ್ಕೂ ಚಕ್ರ ಎಳೆಯುತ್ತಿತ್ತು. ಆದರೆ ಪೆಟ್ರೋಲ್ ಎಂಜಿನ್. ಅದಕ್ಕೆ ಕುಡಿಸಿ ಕುಡಿಸಿ ನಮಗೆ ಏನೂ ಉಳಿಯುತ್ತಿರಲಿಲ್ಲ. ಕೊನೆಕೊನೆಗೆ ಏರು ಕಂಡರೆ ಸಾಕು, ಬಿಳಿ ಹೊಗೆ ಬಿಟ್ಟುಕೊಂಡು ನಿಂತುಬಿಡುತ್ತಿತ್ತು.

ಡೀಸೆಲ್ ಎಂಜಿನ್ ಕೂರಿಸಬೇಕು ಎಂದು ತೀರ್ಮಾನವಾದಾಗ ಎಲ್ಲರೂ ಹೇಳಿದ್ದು ಒಂದೇ ಹೆಸರು: ಶಿರಾದ ಬುಡೇನ್ ಸಾಬ್ರು.

ಅವರ ಶೆಡ್ಡು ಹಳೇ ಊರಿನ ಕಡೆ, ಒಂದು ಹುಣಸೆ ಮರದ ಕೆಳಗಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಸಾಬ್ರಿಗೆ ಆಗಲೇ ಅರವತ್ತು ದಾಟಿತ್ತು. ಸಣ್ಣ ಆಳು, ಬಿಳಿ ಗಡ್ಡ, ಕಾಲರ್ ಹರಿದ ಖಾಕಿ ಅಂಗಿ. ಗಾಡಿ ಬಂದ ಕೂಡಲೇ ಬಾನೆಟ್ ತೆಗೆಸುತ್ತಿರಲಿಲ್ಲ. ಓಡುತ್ತಿರುವ ಎಂಜಿನ್ನಿನ ಬಾನೆಟ್ ಮೇಲೆ ಬಲಗೈ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಿದ್ದರು. ಆಮೇಲೆ ಇಂಥ ಕಡೆ ಇಂಥದ್ದು ಹೋಗಿದೆ ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಕೆಲಸ ಮುಗಿದ ಗಾಡಿಯನ್ನು ಕಳಿಸುವಾಗಲೂ ಅಷ್ಟೇ, ಬಾನೆಟ್ ಮೇಲೆ ಕೈಯಿಟ್ಟುಕೊಂಡು ಜೊತೆಗೇ ನಡೆದು ರಸ್ತೆಯವರೆಗೂ ಬಂದು ಬಿಟ್ಟು ಹೋಗುತ್ತಿದ್ದರು. ಮದುವೆಯಾದ ಮಗಳನ್ನು ಕಳಿಸುತ್ತಾರಲ್ಲ, ಹಾಗೆ ಎಂದು ಮಂಜ ನಗುತ್ತಿದ್ದ.

ಅವರು ನಮ್ಮ ಜೀಪಿನ ಮೇಲೂ ಕೈಯಿಟ್ಟರು. "ಈರಣ್ಣೋರೆ, ಇದ್ರ ಕತೆ ಮುಗ್ದೈತೆ. ಬಾಡಿ ಚೆನ್ನಾಗೈತೆ, ಇದ್ಕೊಂದು ಹೊಸ ಜೀವ ಹಾಕನ ಬುಡಿ" ಅಂದರು.

ಅದು ಆಷಾಢ. ನಮ್ಮ ಕಡೆಯ ಆಷಾಢವೆಂದರೆ ಮಳೆಯಲ್ಲ, ಗಾಳಿ. ಕಡಲೆಕಾಯಿ ಬಿತ್ತಿದ ಹೊಲಗಳ ಕೆಂಪು ಧೂಳು ಎದ್ದು ಬಂದು ಕಣ್ಣಿಗೆ, ಅನ್ನಕ್ಕೆ ಬೀಳುವ ಕಾಲ. ಸಾಬ್ರು ಶೆಡ್ಡಿನ ಮೂರು ಕಡೆಗೂ ಗೋಣಿಚೀಲ ಕಟ್ಟಿದರು. ಗುಜರಿಯಲ್ಲಿ ಬಿದ್ದಿದ್ದ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ ಹುಡುಕಿ ತಂದಿದ್ದೆವು. ಅದನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಸಿಲಿಂಡರಿಗೆ ಬೋರ್ ಹೊಡೆಸಿ, ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು ಹಾಕಿದರು. ಜೀಪಿನ ಗೇರ್‌ಬಾಕ್ಸಿಗೂ ಈ ಎಂಜಿನ್ನಿಗೂ ಬೋಲ್ಟಿನ ತೂತು ಕೂಡುತ್ತಿರಲಿಲ್ಲ. ನಡುವೆ ಹಾಕಲು ದಪ್ಪ ತಟ್ಟೆಯೊಂದನ್ನು ಲೇತಿನಲ್ಲಿ ಮಾಡಿಸಿದರು. ಮೊದಲ ತಟ್ಟೆ ಕೂದಲೆಳೆಯಷ್ಟು ಓರೆಯಿತ್ತು. ನಮಗೆ ಕಾಣಲೇ ಇಲ್ಲ. ಸಾಬ್ರು ಬೆರಳಾಡಿಸಿ ನೋಡಿ ವಾಪಸ್ ಕಳಿಸಿದರು. ಡೀಸೆಲ್ ಎಂಜಿನ್ ಭಾರವೆಂದು ಮುಂದಿನ ಸ್ಪ್ರಿಂಗ್ ಪಟ್ಟಿಗೆ ಒಂದು ಎಲೆ ಹೆಚ್ಚಿಗೆ ಹಾಕಿದರು. ಅವರದು ನಿಧಾನ. ಮಂಜ ಸಿಡಿಮಿಡಿಗೊಳ್ಳುತ್ತಿದ್ದ. ನನಗೋ ಆ ಕೆಲಸ ನೋಡುತ್ತಾ ಕೂರುವುದೇ ಒಂದು ಸುಖ. ಕೊನೆಯ ಬೋಲ್ಟು ಬಿಗಿಯುವಾಗ ಪ್ರತಿ ಸಲ ಮೆಲ್ಲಗೆ "ಬಿಸ್ಮಿಲ್ಲಾ" ಅನ್ನುತ್ತಿದ್ದರು.

ಶ್ರಾವಣದ ಎರಡನೇ ಶುಕ್ರವಾರ ಎಂಜಿನ್ನನ್ನು ಜೀಪಿಗೆ ಇಳಿಸುವುದೆಂದು ನಾನೇ ದಿನ ನೋಡಿಸಿದೆ. ಹನ್ನೆರಡರವರೆಗೆ ರಾಹುಕಾಲ. ಅದು ಕಳೆದ ಮೇಲೆ ಒಂದೂವರೆಯೊಳಗೆ ಪೂಜೆ ಆಗಬೇಕು ಎಂದಿದ್ದರು ಊರಿನ ಅಯ್ಯನೋರು. ಅಂದು ಹನ್ನೆರಡೂವರೆಯ ಹೊತ್ತಿಗೆ ಎಂಜಿನ್ ಚೈನ್ ಪುಲ್ಲಿಯ ಕೆಳಗೆ ಸಿದ್ಧವಾಗಿತ್ತು. ಆದರೆ ನೆತ್ತಿಯ ಮುಚ್ಚಳವೊಂದು ಹಾಕಿರಲಿಲ್ಲ. ಅದರ ಕಾರ್ಕ್ ಪ್ಯಾಕಿಂಗ್ ಹರಿದಿತ್ತು, ಹೊಸದು ತರಬೇಕಿತ್ತು. ಸಾಬ್ರಿಗೆ ಜುಮ್ಮಾ ನಮಾಜಿಗೆ ಹೊತ್ತಾಗಿತ್ತು. ಕೈಕಾಲು ತೊಳೆದು, ಒಗೆದು ಮಡಿಸಿಟ್ಟಿದ್ದ ತಮ್ಮ ಹಳೆಯ ಬಿಳಿ ಪಂಚೆಯೊಂದನ್ನು ಎಂಜಿನ್ನಿನ ಮೇಲೆ ಹೊದಿಸಿ, ನಾಲ್ಕೂ ಕಡೆ ದಾರ ಕಟ್ಟಿದರು.

"ನಮಾಜ್ ಮುಗ್ಸಿ, ಅಂಗೇ ಪ್ಯಾಕಿಂಗೂ ತಕ್ಕಂಡು ಬತ್ತೀನಿ. ನಿಮ್ ಪೂಜೆ ನೀವು ಮಾಡ್ಕಳಿ, ಬ್ಯಾಡ ಅನ್ನಲ್ಲ. ಬಟ್ಟೆ ಮಾತ್ರ ತೆಗೀಬ್ಯಾಡಿ, ಒಳಗೆಲ್ಲ ತೂತು" ಅಂದು ಹೋದರು.

ಮಂಜ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅಕ್ಷತೆ, ಸೇವಂತಿಗೆ ಇಟ್ಟುಕೊಂಡು ನಿಂತಿದ್ದ. "ಅಲ್ಲ ಭಾವ, ಯಾರ್ದೋ ಉಟ್ಟಿದ್ ಪಂಚೆ ಮ್ಯಾಲೆ ಕುಂಕುಮ ಇಡೋದಾ?" ಅಂದ.

ಯಾರದೋ ಎಂದರೆ ಯಾರದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾಕೆ ಹಾಗಂದ ಎಂಬುದೂ ಗೊತ್ತಿತ್ತು. ತಿಂಗಳಿಗೂ ಹೆಚ್ಚು ಕಾಲ ಆ ಮನುಷ್ಯನ ಮನೆಯ ಟೀ ಕುಡಿದಿದ್ದೆ ನಾನು. "ಲೇ, ಸುಮ್ಕಿರ್ಲಾ" ಎಂದು ಗದರಬೇಕಿತ್ತು. ಗದರಲಿಲ್ಲ. ನಾನೇ ದಾರ ಬಿಚ್ಚಿ ಪಂಚೆ ತೆಗೆದೆ. ಆ ಒಂದು ಗಳಿಗೆಯನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಪೂಜೆ ಭರ್ಜರಿಯಾಗಿ ಆಯಿತು. ಊದುಬತ್ತಿ ಬೆಳಗಿ, ಕಾಯಿ ಒಡೆದು, ಇಬ್ಬರೂ ಕೈತುಂಬ ಹೂವು, ಅಕ್ಷತೆ ತೆಗೆದುಕೊಂಡು ಎಂಜಿನ್ನಿನ ನೆತ್ತಿಯ ಮೇಲೆ ಎರಚಿದೆವು. ನಮ್ಮ ಮನೆಯಲ್ಲಿ ಅಕ್ಷತೆ ಹಾಕುವುದೆಂದರೆ ಹಾಗೆಯೇ, ಜಿಪುಣತನ ಇಲ್ಲ. ಹಾಕಿದ ಮೇಲೆ ನೋಡುತ್ತೇನೆ, ಎಸಳೆಲ್ಲ ಸ್ಪ್ರಿಂಗುಗಳ ಸಂದಿಯಲ್ಲಿ ಸೇರಿಕೊಂಡಿವೆ. ಕಂಡಷ್ಟನ್ನು ಆಯ್ದು ತೆಗೆದೆ. ಊದಿ ಊದಿ ಅಕ್ಕಿ ಹಾರಿಸಿದೆ. ಎಲ್ಲ ಬಂತು ಎಂದುಕೊಂಡು ಪಂಚೆ ಹೊದಿಸಿ ದಾರ ಕಟ್ಟಿದೆ.

ಸಾಬ್ರು ಬಂದರು. ಎಂಜಿನ್ನಿನ ಪಕ್ಕಕ್ಕೆ ಇಟ್ಟಿದ್ದ ಕುಂಕುಮ ನೋಡಿ ನಕ್ಕರು. "ಆಯ್ತಾ ಪೂಜೆ? ಬಟ್ಟೆ ತೆಗೀಲಿಲ್ವಲ್ಲ?"

"ಇಲ್ಲ ಸಾಬ್ರೆ" ಅಂದೆ.

ಹೌದು ಎಂದಿದ್ದರೆ ಏನಾಗುತ್ತಿತ್ತು? ಇನ್ನೊಂದು ಅರ್ಧ ದಿನ ಕೂತು ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ತೊಳೆಯುತ್ತಿದ್ದರು. ಸ್ವಲ್ಪ ಗೊಣಗುತ್ತಿದ್ದರು. ಅಷ್ಟೇ. ಅಷ್ಟು ಸಣ್ಣ ಗೊಣಗಾಟಕ್ಕೆ ಹೆದರಿ ನಾನು ಸುಳ್ಳಾಡಿದೆ. ಅವರು ಮುಚ್ಚಳ ಹಾಕಿ, ಬಿಸ್ಮಿಲ್ಲಾ ಎಂದು ಬೋಲ್ಟು ಬಿಗಿದರು. ಸಂಜೆ ಜೀಪಿಗೆ ಇಳಿಸಿ ಕೂರಿಸಿದ ಎಂಜಿನ್ ಒಂದೇ ಹೊಡೆತಕ್ಕೆ ಶುರುವಾಯಿತು. ಅವರ ಕಣ್ಣಲ್ಲಿ ನೀರಿತ್ತು. "ಇದು ಹದಿನೈದು ವರ್ಷ ನನ್ ಹೆಸ್ರು ಹೇಳ್ತೈತೆ ನೋಡಿ" ಅಂದರು. ನಾಲ್ಕೈದು ದಿನ ಸಣ್ಣಪುಟ್ಟ ಕೆಲಸ ಮುಗಿಸಿ, ಕೈಯಿಟ್ಟುಕೊಂಡು ರಸ್ತೆಯವರೆಗೂ ಬಂದು ಕಳಿಸಿದರು. ಕಳಿಸುವ ಮುಂಚೆ ಹೇಳಿದ ಮಾತು ಒಂದೇ: "ಆಯಿಲ್ ಮುಳ್ಳಿನ್ ಮ್ಯಾಲೆ ಕಣ್ಣಿರ್ಲಿ. ಅದು ಬಿದ್ರೆ ಎಲ್ಲಿದ್ರೆ ಅಲ್ಲೇ ಆಫ್ ಮಾಡ್ಬುಡಿ."

ಹತ್ತು ದಿನ ಜೀಪು ಕುದುರೆಯ ಹಾಗೆ ಓಡಿತು. ಹನ್ನೊಂದನೇ ದಿನ ವೈ.ಎನ್.ಹೊಸಕೋಟೆಯ ಆಚೆ ವೆಂಕಟರಮಣಪ್ಪ ಎಂಬುವರ ಹೊಲದಲ್ಲಿ ಮೋಟಾರು ಎತ್ತುವ ಕೆಲಸ. ಹಗ್ಗದ ತುದಿ ಜೀಪಿಗೆ ಕಟ್ಟಿ ಮುಂದಕ್ಕೆ ಎಳೆದರೆ ರಾಟೆಯ ಮೇಲಿಂದ ಪೈಪು ಮೇಲೆ ಬರುತ್ತದೆ. ಇಪ್ಪತ್ತು ಅಡಿಗೊಮ್ಮೆ ಕ್ಲ್ಯಾಂಪು ಬಿಗಿದು, ಪೈಪು ಬಿಚ್ಚಿ ಪಕ್ಕಕ್ಕಿಟ್ಟು, ಮತ್ತೆ ಎಳೆಯಬೇಕು. ಅರ್ಧಕ್ಕರ್ಧ ಪೈಪು ಮೇಲೆ ಬಂದಿತ್ತು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ. ಆಯಿಲ್ ಮೀಟರಿನ ಮುಳ್ಳು ಅದುರಿತು, ಇಳಿಯಿತು, ಮತ್ತೆ ಏರಿತು. ಹಳೇ ಮೀಟರು, ಅದಕ್ಕೇನು ಬಂದಿದೆಯೋ ಎಂದುಕೊಂಡೆ. ಮಂಜ ಬೋರಿನ ಹತ್ತಿರದಿಂದ "ಎಳೀರಿ ಭಾವ" ಎಂದು ಕೂಗಿದ. ಎಳೆದೆ. ಮುಳ್ಳು ಪೂರ್ತಿ ಮಲಗಿತು. ಈ ಒಂದು ಪೈಪು ಬಂದುಬಿಡಲಿ ಎಂದು ಕಾಲು ಎತ್ತಲಿಲ್ಲ. ಒಳಗೆ ಟಕಟಕ ಎಂದು ಬಡಿಯಿತು, ಕಿರ್ರನೆ ಒಂದು ಸದ್ದು, ಎಂಜಿನ್ ಬಿಗಿದುಕೊಂಡು ನಿಂತಿತು. ಮಂಜ ಹಾರಿ ಕ್ಲ್ಯಾಂಪು ಬಿಗಿಯದಿದ್ದರೆ ಮೋಟಾರು ಪಾತಾಳ ಸೇರುತ್ತಿತ್ತು.

"ಏಮಯ್ಯಾ, ಹೊಸಾ ಇಂಜನ್ ಅಂತ ಹೇಳಿದ್ರಿ ಕದಾ? ಇಷ್ಟಕ್ಕೇ ಸತ್ತೋಯ್ತಾ?" ಅಂದರು ವೆಂಕಟರಮಣಪ್ಪ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ಮಂಜನಿಗೆ ಪಿತ್ತ ನೆತ್ತಿಗೇರಿತ್ತು. ಮತ್ತೆ ಶಿರಾಕ್ಕೆ ಒಯ್ಯುವುದೇ ಬೇಡ ಎಂದು ಹಟ ಹಿಡಿದ. ಖಾಲಿ ಲಾರಿಯೊಂದರ ಮೇಲೆ ಜೀಪು ಹೇರಿಕೊಂಡು ಮಧುಗಿರಿಗೆ, ಅವನ ಪರಿಚಯದ ಮೆಕ್ಯಾನಿಕ್ ಗಂಗಾಧರನ ಶೆಡ್ಡಿಗೆ ಹೋದೆವು. ಏಕಶಿಲೆಯ ಬೆಟ್ಟದ ನೆರಳು ಮಧ್ಯಾಹ್ನಕ್ಕೇ ಊರಿನ ಮೇಲೆ ಬಿದ್ದಂತೆ ಮೋಡ ಕವಿದಿತ್ತು, ಜಿಟಿಜಿಟಿ ಹನಿ. ಗಂಗಾಧರ ಕೆಳಗಿನ ಚೇಂಬರ್ ಇಳಿಸಿ, "ನೀವು ಇದ್ನೊಸಿ ತೊಳೀತಿರಣ್ಣ, ಪ್ಯಾಕಿಂಗ್ ತರ್ತೀನಿ" ಎಂದು ಮಂಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋದ. ನಾನೊಬ್ಬನೇ ಉಳಿದೆ.

ಆಯಿಲನ್ನು ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಕಸ ಒಳಗೆ ಹೋಗದಿರಲಿ ಎಂದು. ಅದು ಮುಚ್ಚಿಕೊಂಡರೆ ಬೇರಿಂಗಿಗೆ ಆಯಿಲ್ ಹೋಗುವುದಿಲ್ಲ. ಜೀಪಿನ ಕೆಳಗೆ ಮಲಗಿ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಜಾಲರಿಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಕಪ್ಪು ಚರ್ಮದಂಥದ್ದು ಅಂಟಿಕೊಂಡಿತ್ತು. ಉಗುರಲ್ಲಿ ಎಬ್ಬಿಸಿದೆ. ಸೇವಂತಿಗೆ ಎಸಳುಗಳು. ಒಂದರ ಮೇಲೊಂದು ಕೂತು ಹಪ್ಪಳವಾಗಿದ್ದವು. ಅವುಗಳ ನಡುವೆ ಅಕ್ಕಿಕಾಳು. ಉಜ್ಜಿದರೆ ಇನ್ನೂ ಅರಿಶಿನದ ಬಣ್ಣವಿತ್ತು.

ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದೆನೋ. ಬೈಕಿನ ಸದ್ದು ಕೇಳಿಸಿತು. ಎಸಳು, ಅಕ್ಕಿ ಎಲ್ಲವನ್ನೂ ಕೆರೆದು ಅಂಗಿ ಜೇಬಿಗೆ ತುರುಕಿಕೊಂಡೆ. ಜಾಲರಿಯನ್ನು ಡೀಸೆಲಿನಲ್ಲಿ ಅದ್ದಿ ಅದ್ದಿ ತೊಳೆದೆ. ಗಂಗಾಧರ ಬಂದಾಗ ಅದು ಹೊಸದರಂತೆ ಹೊಳೆಯುತ್ತಿತ್ತು.

ಅವನು ಸುಟ್ಟು ಅಂಟಿಕೊಂಡ ಬೇರಿಂಗು ತೆಗೆದು ನೋಡಿದ. "ಜಾಲರಿ ಕ್ಲೀನಾಗೈತೆ, ಪಂಪೂ ಸರ್ಯಾಗೈತೆ. ಅಂಗಾದ್ರೆ ಬೇರಿಂಗ್ ಕೂರ್ಸಿದ್ರಾಗೇ ಎಡವಟ್ಟು ಕಣಣ್ಣ. ಯಾರು ಕಟ್ಟಿದ್ದು ಇದ್ನ?"

ಜೇಬಿನ ಎಣ್ಣೆ ಅಂಗಿಗೆ ಇಳಿದು ಎದೆಗೆ ತಣ್ಣಗೆ ತಾಗುತ್ತಿತ್ತು. "ಶಿರಾದ ಬುಡೇನ್ ಸಾಬ್ರು" ಅಂದೆ.

"ಪಾಪ, ವಯಸ್ಸಾಯ್ತಲ್ಲ" ಅಂದ ಗಂಗಾಧರ. ಕೆಟ್ಟ ಮನುಷ್ಯನಲ್ಲ ಅವನು. ತೊಳೆದಿಟ್ಟ ಜಾಲರಿ ನೋಡಿದರೆ ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಮಂಜ ಸುಮ್ಮನಿರಲಿಲ್ಲ. ಮಾರನೇ ದಿನವೇ ಶಿರಾಕ್ಕೆ ಹೋಗಿ, ಶೆಡ್ಡಿನ ಮುಂದೆ ಹತ್ತು ಜನರ ಎದುರಿಗೆ, "ಕೈ ನಡುಗೋ ವಯಸ್ನಾಗೆ ಯಾಕ್ರೀ ಎಂಜಿನ್ ಕಟ್ತೀರ? ನಮ್ ಹೊಟ್ಟೆ ಮ್ಯಾಲೆ ಹೊಡೆಯಾಕಾ?" ಎಂದು ಕೂಗಾಡಿ ಬಂದ. ಬಂದು ನನಗೆ ಹೆಮ್ಮೆಯಿಂದ ಹೇಳಿದ. ಅವನಿಗೆ ನಿಜ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಾಯಿಗೆ ಬೀಗ ಹಾಕಿಕೊಂಡು ಕೇಳಿದೆ.

ಆ ವಾರದ ಕೊನೆಗೆ ಸಾಬ್ರೇ ಬಸ್ಸು ಹತ್ತಿ ಕಳ್ಳಂಬೆಳ್ಳಕ್ಕೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಮಂಜ ಮನೆಯಲ್ಲಿರಲಿಲ್ಲ. ಜಗಲಿಯ ತುದಿಯಲ್ಲಿ ಕೂತು, "ಆ ಹಳೇ ಬೇರಿಂಗ್ ಇದ್ರೆ ಒಸಿ ಕೊಡಿ ಈರಣ್ಣೋರೆ, ನೋಡ್ಬೇಕು" ಅಂದರು.

"ಬಿಸಾಕ್ಬುಟ್ವಿ ಸಾಬ್ರೆ."

"ಜಾಲರೀಲಿ ಏನಾನ ಇತ್ತಾ? ಚೂರು, ದಾರ, ಏನಾನ?"

ನನ್ನನ್ನೇ ನೋಡುತ್ತಿದ್ದರು. ಅನುಮಾನದಿಂದಲ್ಲ, ಆಸೆಯಿಂದ. ಏನಾದರೂ ಇತ್ತು ಎನ್ನಲಿ ಎಂಬ ಆಸೆ.

"ಏನೂ ಇರ್ಲಿಲ್ಲ" ಅಂದೆ.

ಸಾಬ್ರು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅಂಗಾದ್ರೆ ಇದೇ ತಪ್ಪಿರ್ಬೇಕು" ಅಂದರು. ಚೀಲದಲ್ಲಿ ಬೇರಿಂಗು ಅಳೆಯುವ ಉಪಕರಣ ತಂದಿದ್ದರು, ಅದನ್ನು ಹೊರಗೆ ತೆಗೆಯಲೇ ಇಲ್ಲ. ಪಾರ್ವತಿ ಮಜ್ಜಿಗೆ ಕೊಟ್ಟಳು, ಕುಡಿದರು. ನಾನು ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದೆ. ಎಂಥ ಮರ್ಯಾದಸ್ಥ ನೋಡಿ!

ಆ ವರ್ಷದ ಕಡಲೆಕಾಯಿ ಸುಗ್ಗಿ ಮುಗಿಯುವಷ್ಟರಲ್ಲಿ ಮಾತು ಎಲ್ಲ ಕಡೆ ಹರಡಿತ್ತು. ಕೊರಟಗೆರೆಯಲ್ಲಿ ಟ್ರ್ಯಾಕ್ಟರಿನವನೊಬ್ಬ ನನಗೇ ಹೇಳಿದ, "ಬುಡೇನ್ ಸಾಬ್ರಿಗೆ ಎಂಜಿನ್ ಕೊಡ್ಬ್ಯಾಡಿ, ಕೈ ತಪ್ತೈತಂತೆ." ನಾನು ಹೂಂ ಅಂದೆ. ಜನ ಬರುವುದು ಬಿಡುವ ಮೊದಲೇ ಸಾಬ್ರು ತಾವೇ ಎಂಜಿನ್ ಕೆಲಸ ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಬಂದ ಗಾಡಿಯ ಬಾನೆಟ್ ಮೇಲೆ ಕೈ ಇಡುವುದನ್ನು ನಿಲ್ಲಿಸಿದರಂತೆ. ಗ್ರೀಸು ಹಾಕುವುದು, ಆಯಿಲ್ ಬದಲಿಸುವುದು, ಅಷ್ಟೇ. ಮರುವರ್ಷ ಶೆಡ್ಡೂ ಮುಚ್ಚಿತು. ಇತ್ತ ಗಂಗಾಧರ ಹೊಸ ಬೇರಿಂಗ್ ಹಾಕಿದ ಆ ಎಂಜಿನ್, ಸಾಬ್ರು ಕಟ್ಟಿದ ಎಂಜಿನ್, ಆರು ವರ್ಷ ಒಂದು ದಿನವೂ ಕೈಕೊಡದೆ ನನ್ನ ಮನೆ ನಡೆಸಿತು. ಪ್ರತಿ ಬೆಳಿಗ್ಗೆ ಅದು ಒಂದೇ ಹೊಡೆತಕ್ಕೆ ಶುರುವಾದಾಗಲೆಲ್ಲ ನನಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು.

ಈ ಸಲದ ಆಯುಧಪೂಜೆಯ ಮರುದಿನ ಜೀಪು ತೆಗೆದುಕೊಂಡು ಶಿರಾಕ್ಕೆ ಹೋದೆ. ಹುಣಸೆ ಮರ ಇತ್ತು, ಶೆಡ್ಡಿನ ಜಾಗದಲ್ಲಿ ಯಾರದೋ ಇಟ್ಟಿಗೆ ರಾಶಿ. ಅದರ ಹಿಂದಿನ ಓಣಿಯಲ್ಲೇ ಅವರ ಮನೆ. ಸಾಬ್ರು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಅರೆ, ಈರಣ್ಣೋರು! ಬನ್ನಿ ಬನ್ನಿ" ಎಂದು, ಪಕ್ಕದಲ್ಲಿದ್ದ ನೆರೆಮನೆಯವರಿಗೆ ಹೇಳಿದರು: "ಇವ್ರೇ ಕಣ್ರೀ ನಾನು ಹೇಳ್ತಿದ್ನಲ್ಲ. ಇವ್ರ ಎಂಜಿನ್ ನನ್ ಕೈಯಾಗೆ ಹಾಳಾಯ್ತು. ಊರೆಲ್ಲ ಬೈತು. ಇವ್ರು ಒಂದ್ ಮಾತು ಅನ್ಲಿಲ್ಲ. ಬಸ್ ಹತ್ಸಿ ಕಳಿಸಿದ್ರು."

ನಿಂತ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಇನ್ನೊಂದು ನಿಮಿಷ ತಡೆದರೆ ಆರು ವರ್ಷ ತಡೆದ ಹಾಗೆಯೇ ತಡೆದುಬಿಡುತ್ತೇನೆ ಎಂದು ಹೆದರಿ, ನಿಂತಲ್ಲೇ ಹೇಳಿಬಿಟ್ಟೆ. "ಸಾಬ್ರೆ, ಅವತ್ತು ನಾನು ಬಟ್ಟೆ ತೆಗ್ದಿದ್ದೆ. ಜಾಲರೀಲಿ ಹೂವಿತ್ತು, ಅಕ್ಷತೆ ಇತ್ತು. ನಾನೇ ತೊಳ್ದು ಮುಚ್ಚಾಕ್ದೆ."

ನೆರೆಮನೆಯವರು ಎದ್ದು ತಮ್ಮ ಮನೆಗೆ ಹೋದರು. ಸಾಬ್ರು ತಮ್ಮ ಬಲಗೈಯನ್ನು ನೋಡಿಕೊಂಡರು.

"ಬೇರಿಂಗು?" ಅಂದರು.

"ಸರ್ಯಾಗಿತ್ತು ಸಾಬ್ರೆ. ನಿಮ್ ಕೆಲ್ಸದಾಗೆ ಏನೂ ಇರ್ಲಿಲ್ಲ."

"ಇನ್ನೊಂದ್ ಕಿತ ಹೇಳಿ. ಒಳಗೆ ನಮ್ಮನೆಯವ್ರಿಗೂ ಕೇಳ್ಬೇಕು."

ಜೋರಾಗಿ ಹೇಳಿದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಈ ಆರು ವರ್ಸ ನಿಮ್ಮನ್ನ ಒಳ್ಳೇವ್ರು ಅಂತ ಹೇಳ್ಕಂಡು ತಿರುಗಿದ್ನಲ್ಲ ಸ್ವಾಮಿ" ಅಂದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಕ್ಷಮಿಸಿ ಎಂದೆ. ಅವರು ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದರು. ನಾನು ಇನ್ನೇನು ಮಾಡಲಿ, ಹೋಗಿ ಜೀಪು ಹತ್ತಿ ಶುರು ಮಾಡಿದೆ. ಅಷ್ಟರಲ್ಲಿ ಸಾಬ್ರು ಗೋಡೆ ಹಿಡಿದು ಎದ್ದರು. ನನ್ನ ಕಡೆ ನೋಡದೆ ಜೀಪಿನ ಮುಂದಕ್ಕೆ ಬಂದು, ಬಾನೆಟ್ ಮೇಲೆ ಬಲಗೈ ಅಂಗೈ ಇಟ್ಟು ಕಣ್ಣು ಮುಚ್ಚಿದರು. ನಿನ್ನೆಯ ಒಂದೆರಡು ಎಸಳು ಅಲ್ಲೇ ಅಂಟಿಕೊಂಡಿದ್ದವು, ಅವನ್ನು ಬೆರಳಲ್ಲಿ ಸರಿಸಿದರು. ನಾನು ಮೆಲ್ಲಗೆ ಬಿಟ್ಟೆ. ಅವರು ಕೈ ತೆಗೆಯದೆ ಜೊತೆಗೇ ನಡೆದು, ಓಣಿ ದಾಟಿ ರಸ್ತೆಯವರೆಗೂ ಬಂದರು.

"ಮೂರ್ನೇ ಸಿಲಿಂಡರ್‌ನಾಗೆ ಟ್ಯಾಪೆಟ್ ಸಡ್ಲ ಆಗೈತೆ. ಬಿಗಿ ಮಾಡಿಸ್ಕಳಿ" ಅಂದರು.

ನಾನು ಹೂಂ ಎಂದು ತಲೆಯಾಡಿಸಿ, ಯಾವಾಗ ತರಲಿ ಎಂದು ಕೇಳಲು ಬಾಯಿ ತೆರೆದೆ. ಸಾಬ್ರು ಬಾನೆಟ್ಟಿನಿಂದ ಕೈ ತೆಗೆದರು.

"ಬ್ಯಾರೆ ಎಲ್ಲಾದ್ರೂ" ಅಂದರು.